ಕರಗಬೇಕಾಗಿದ್ದ ಹೂಜಿ

ಬೆಳ್ಳಿ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಟೈಲರಮ್ಮ ಕೈಚೀಲವನ್ನು ಎದೆಗವಚಿಕೊಂಡಿದ್ದಳು. ಚೀಲದಲ್ಲಿ, ಹೊಲಿದು ಮಿಕ್ಕ ಚೂರುಬಟ್ಟೆಗಳ ನಡುವೆ, ಒಂದು ಬೆಳ್ಳಿ ಹೂಜಿ ಇತ್ತು. ಅದನ್ನು ಕದ್ದವಳು ಬೇರೆ ಯಾರೂ ಅಲ್ಲ, ಅವಳ ಹೆತ್ತ ತಾಯಿ. ಶ್ರೀಮಂತರ ಮನೆಯೊಂದರಲ್ಲಿ ಆಯುಷ್ಯವೆಲ್ಲ ಕೆಲಸಕ್ಕಿದ್ದ ಅಮ್ಮ, ಬಿಟ್ಟು ಬರುವ ದಿನ ಅದನ್ನೂ ಗಂಟಿನಲ್ಲಿ ಕಟ್ಟಿಕೊಂಡು ಬಂದಿದ್ದಳಂತೆ. ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಮೊನ್ನೆ ಅತ್ತು ಕಕ್ಕಿದಳು, ಪುಣ್ಯಾತ್ಗಿತ್ತಿ!

ಹೂಜಿಯ ತಳದಲ್ಲಿ ಆ ಮನೆಯವರ ಮುದ್ರೆ ಕೆತ್ತಿದೆ. ಗುರುತು ಹಿಡಿಯುವವರು ಇದೇ ಊರಿನಲ್ಲಿದ್ದಾರೆ. ಹಿಡಿದರೋ, ಕಣ್ಣು ನೆಟ್ಟಗೆ ಕಾಣದ ಅಮ್ಮ ಪೊಲೀಸ್ ಸ್ಟೇಷನ್ ಬೆಂಚಿನ ಮೇಲೆ. ಎಸೆದುಬಿಡೋಣವೆಂದರೆ ಅಷ್ಟೊಂದು ಬೆಳ್ಳಿ ಎಸೆಯಲು ಯಾರಿಗೆ ಮನಸ್ಸು ಬರುತ್ತದೆ, ನೀವೇ ಹೇಳಿ. ಕರಗಿಸಿ ಮಾರಿದರೆ ಪೀಡೆಯೂ ತೊಲಗುತ್ತದೆ, ನಾಲ್ಕು ಕಾಸೂ ಸಿಗುತ್ತದೆ. ಹಾಗಂದುಕೊಂಡೇ ಬಂದಿದ್ದಳು.

ಅಂಗಡಿಯ ಸಾಹುಕಾರ ಹೂಜಿಯನ್ನು ತೂಗಿದ, ಒರೆಗಲ್ಲಿಗೆ ಉಜ್ಜಿದ. ಆಮೇಲೆ ಶುರುವಾಯಿತು ಅವನ ಕಳೆಯುವ ಕೆಲಸ. ಹಿಡಿಯ ಬೆಸುಗೆಗೆ ಇಷ್ಟು ಕಳೆಯಬೇಕು, ಕರಗುವಾಗ ಇಷ್ಟು ಹಾಳಾಗುತ್ತದೆ, ಬೆರಕೆ ಇಷ್ಟು. ಕೊನೆಗೆ ಹೇಳಿದ ಬೆಲೆ ಕೇಳಿ ಅವಳಿಗೆ ಉರಿದುಹೋಯಿತು. ಆದರೂ ತಲೆಯಾಡಿಸಿದಳು.

"ಆಯ್ತು ಕೊಡಿ. ಆದ್ರೆ ನನ್ನ ಕಣ್ಣೆದುರಿಗೇ ಕರಗಿಸ್ಬೇಕು."

ಸಾಹುಕಾರನ ಕೈ ಹೂಜಿಯ ಮೇಲೇ ನಿಂತಿತು. "ಯಾಕಮ್ಮಾ ಅವಸರ? ಇಟ್ಟು ಹೋಗಿ, ಆಮೇಲೆ ಕರಗಿಸ್ತೀವಿ."

"ಇಲ್ಲ, ಈಗ್ಲೇ."

"ಬೇಕಾದ್ರೆ ಇನ್ನೊಂದೈದು ಸಾವಿರ ಸೇರಿಸ್ತೀನಿ, ಹಾಗೇ ಬಿಟ್ಟುಹೋಗಿ."

ಆಗ ಅವಳಿಗೆ ಅವನ ವ್ಯಾಪಾರ ತಿಳಿಯಿತು. ಕಳೆದಿದ್ದೆಲ್ಲ ಬರೀ ನಾಟಕ. ಕೊಳ್ಳುವುದು ಕರಗಿಸಿದ ಗಟ್ಟಿಯ ಬೆಲೆಗೆ, ಮಾರುವುದು ಕುಸುರಿ ಕೆಲಸದ ಬೆಲೆಗೆ. ಅಂಥ ಹಳೇ ಕೈಕೆಲಸ ಕಿಟಕಿಯ ಗಾಜಿನ ಹಿಂದೆ ಕೂತರೆ ಎರಡರಷ್ಟು ತರುತ್ತದೆ. ಕರಗಿಸಿದರೆ ಅವನ ಲಾಭವೂ ಕರಗಿದಂತೆ. ಆದರೆ ಕಿಟಕಿಯಲ್ಲಿ ಕೂತರೆ ಬೀದಿಯಲ್ಲಿ ಹೋಗುವವರೆಲ್ಲ ನೋಡುತ್ತಾರಲ್ಲ!

"ಬೇಡ. ಕರಗಿಸಿ."

"ಹತ್ತು ಸಾವಿರ."

"ಬೇಡ ಅಂದ್ನಲ್ಲಾ!"

ಅಂದ ಮೇಲೆ ಗೊತ್ತಾಯಿತು ತಾನೆಂಥ ದಡ್ಡಿ ಎಂದು. ಹೆಚ್ಚಿಗೆ ಕೊಡುತ್ತೇನೆಂದರೆ ಬೇಡ ಎನ್ನುವ ಗಿರಾಕಿ ಯಾವ ಲೋಕದಲ್ಲಿದ್ದಾರೆ? ಸಾಹುಕಾರ ಹೂಜಿಯನ್ನು ನಿಧಾನವಾಗಿ ಬೋರಲು ಹಾಕಿದ. ಮುದ್ರೆಯ ಮೇಲೆ ಹೆಬ್ಬೆರಳು ಆಡಿಸಿದ. ತುಟಿಯಂಚಿನಲ್ಲಿ ನಕ್ಕ.

"ಓಹೋ. ಹಾಗಾದ್ರೆ ಕರಗಿಸೋಣ ಬಿಡಿ. ಮೊದ್ಲು ಹೇಳಿದ ಬೆಲೇಲಿ ಅರ್ಧ ಕೊಡ್ತೀನಿ. ಪೊಲೀಸ್ನೋರು ಕೇಳಿದ್ರೆ ನಾನೂ ಉತ್ತರ ಕೊಡ್ಬೇಕಲ್ವಾ, ತಾಯೀ?"

"ಅಷ್ಟೇ ಕೊಡಿ," ಎಂದಳು.

"ಒಳಗೆ ಬೆಂಕಿ ಇದೆ, ನೀವು ಬರ್ಬೇಡಿ," ಎಂದು ಅವನು ಪರದೆಯ ಹಿಂದೆ ಹೋದ. ಗ್ಯಾಸಿನ ಬುಸ್ಸೆಂಬ ಸದ್ದು ಬಂತು. ಇತ್ತ ಅಂಗಡಿಗೆ ಬಂದಿದ್ದ ಗಂಡ ಹೆಂಡತಿಯಿಬ್ಬರು ಚಮಚಗಳನ್ನು ಆರಿಸುತ್ತ ಸಣ್ಣಗೆ ಜಗಳವಾಡುತ್ತಿದ್ದರು. ಟೈಲರಮ್ಮ ಕುರ್ಚಿಯ ತುದಿಯಲ್ಲಿ ಕೂತು ಗ್ಯಾಸಿನ ಸದ್ದನ್ನೇ ಕೇಳಿಸಿಕೊಂಡಳು. ಕರಗಲಿ ದೇವರೇ, ಬೇಗ ಕರಗಲಿ.

ಸಾಹುಕಾರ ಒಂದು ಬೆಳ್ಳಿ ಗಟ್ಟಿ ತಂದು ಮುಂದಿಟ್ಟ. "ನೋಡಿ, ಮುಗೀತು. ನೀರಲ್ಲಿ ಅದ್ದಿ ತಂದಿದೀನಿ, ಮುಟ್ಟಿ ಬೇಕಾದ್ರೆ."

ಮುಟ್ಟಿದಳು. ಮನಸ್ಸು ತಡೆಯದೆ ತಿರುಗಿಸಿಯೂ ನೋಡಿದಳು. ತಳದ ತಗ್ಗಿನಲ್ಲಿ ಧೂಳು. ಧೂಳಿನ ಮೇಲೆ ಒಂದೆಳೆ ಜೇಡರ ಬಲೆ, ಖಡಖಡ ಒಣಗಿದ್ದು. ಈಗ ತಾನೇ ಬೆಂಕಿಯಿಂದೆದ್ದು ನೀರಿನಲ್ಲಿ ಮಿಂದು ಬಂದ ಗಟ್ಟಿಗೆ ಜೇಡ ಯಾವಾಗ ಬಲೆ ಕಟ್ಟಿತಪ್ಪಾ?

ಅವನು ಅವಳ ಮುಖವನ್ನೇ ನೋಡುತ್ತಿದ್ದ. ಗೊತ್ತಾಯಿತು ಎಂದು ಅವನಿಗೂ ಗೊತ್ತಾಯಿತು. ಹೆದರಲಿಲ್ಲ ಆಸಾಮಿ, ನೋಟುಗಳನ್ನು ಮುಂದಕ್ಕೆ ತಳ್ಳಿದ. ಕದ್ದ ಮಾಲು ತಂದವಳು ಯಾರ ಹತ್ತಿರ ಹೋಗಿ ದೂರು ಹೇಳುತ್ತಾಳೆ? ಅವಳ ಭಯವೇ ಅವನ ಬಂಡವಾಳ.

ಇವತ್ತು ಎದ್ದು ಹೋದರೆ ಇನ್ನು ದಿನಾ ಈ ಬೀದಿಯಲ್ಲಿ ಕಿಟಕಿ ನೋಡುತ್ತ ಸಾಯಬೇಕು. ಸಿಟ್ಟು ಎಲ್ಲಿತ್ತೋ ಏನೋ, ನೆತ್ತಿಗೇರಿತು.

"ನನ್ನ ಹೂಜಿ ತನ್ನಿ."

"ಯಾವ ಹೂಜಿ? ಕರಗಿಸಾಯ್ತಲ್ಲಮ್ಮಾ."

"ನಮ್ಮಮ್ಮ ಕದ್ದಿದ್ದು ಅದು!" ಎಂದಳು ಗಟ್ಟಿಯಾಗಿ. ಗಂಡ ಹೆಂಡತಿಯ ಜಗಳ ನಿಂತಿತು. "ಹೌದು, ಕದ್ದಿದ್ದು. ಗೊತ್ತಿದ್ದೂ ನೀವು ಕೊಂಡ್ಕೊಂಡ್ರಿ, ಒಳಗೆ ಬಚ್ಚಿಟ್ರಿ. ಕರೀರಿ ಪೊಲೀಸ್ನೋರನ್ನ. ನೀವ್ ಕರೀತೀರೋ, ನಾನೇ ಕರೀಲೋ?"

"ಶ್... ಮೆಲ್ಲಗೆ ಮಾತಾಡೀಮ್ಮಾ, ಗಿರಾಕಿಗಳಿದಾರೆ!"

"ಅವ್ರೂ ಕೇಳ್ಲಿ ಬಿಡಿ!"

ಚಮಚಗಳನ್ನು ಅಲ್ಲೇ ಬಿಟ್ಟು ಹೆಂಡತಿ ಗಂಡನ ತೋಳು ಹಿಡಿದು ಹೊರಟಳು. ಸಾಹುಕಾರ ಪರದೆಯ ಹಿಂದೆ ಓಡಿದ. ಹೂಜಿ ಬಂತು, ಒಂದು ಗೀರೂ ಇಲ್ಲದೆ. ಅವನ ಹಣೆಯಲ್ಲಿ ಬೆವರಿತ್ತು.

"ಬೇಕಾದ್ರೆ ಈಗ್ಲೇ, ನಿಮ್ಮೆದುರಿಗೇ ಕರಗಿಸ್ತೀನಿ," ಎಂದ.

"ಬೇಡ," ಎಂದಳು. ಬಾಯಿಬಿಟ್ಟು ಹೇಳಿಯಾದ ಮೇಲೆ ಕರಗಿಸಿ ಏನು ಮುಚ್ಚಿಡುವುದಿದೆ?

ನೋಟುಗಳನ್ನು ಅಲ್ಲೇ ಬಿಟ್ಟು, ಹೂಜಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದು ಗೋಡೆಗೆ ಒರಗಿದಳು. ನಾಚಿಕೆಯಾಗುತ್ತಿತ್ತು, ಭಯವೂ ಆಗುತ್ತಿತ್ತು. ಮನಸ್ಸು ಬದಲಾಗುವ ಮೊದಲೇ ಅಮ್ಮನಿಗೆ ಫೋನು ಮಾಡಿದಳು.

"ಕರಗಿಸ್ಲಿಲ್ಲಮ್ಮ. ಆ ಮನೆ ಅಮ್ಮಾವ್ರಿಗೇ ವಾಪಸ್ ಕೊಟ್ಟು ಬರೋಣ. ಏನಾದ್ರೂ ಆಗ್ಲಿ, ನಾನಿರ್ತೀನಿ ನಿನ್ನ ಜೊತೆ. ಬರ್ತೀಯಾ?"

ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ಟೈಲರಮ್ಮ ಕಾದಳು.

"ಮೊದ್ಲು ಮನೇಗೆ ತಗೊಂಡ್ ಬಾರೇ," ಎಂದಳು ಅಮ್ಮ ಗಾಬರಿಯಿಂದ. "ಕಪ್ಪಾಗಿರತ್ತೆ. ಹಾಗೇ ಕೊಟ್ರೆ ಅಮ್ಮಾವ್ರು ಬೈತಾರೆ. ನಾನು ಉಜ್ಜಿ ಕೊಡ್ತೀನಿ."