ನಲವತ್ತೇಳನೆಯ ನಂಬರು

"ಇನ್ನೂರ ಹನ್ನೆರಡು!" ಅಕ್ಕ ಮೌಸನ್ನು ಮೇಜಿಗೆ ಕುಕ್ಕಿದಳು. "ಈ ತಿಂಗಳ ವರದೀಲಿ ಇನ್ನೂರ ಹನ್ನೆರಡು ಕೆಂಪು ಸಾಲು! ಯಾವನೇ ಆ ನಂಬರ್ ಮುಚ್ಚಿದ್ದು?"

"ಹೆಡ್ಡಾಫೀಸಿನವ್ರು ಅಕ್ಕಾ," ಎಂದಳು ಎದುರು ಕುಳಿತಿದ್ದ ಚುಕ್ಕಿ. "ತೀರ್ಕೊಂಡ ನೌಕರರ ನಂಬರೆಲ್ಲ ಬೆಳಗ್ಗೆ ತೆಗೆದುಹಾಕಿದ್ರಂತೆ."

ಲಿಫ್ಟುಗಳನ್ನು ನೋಡಿಕೊಳ್ಳುವ ಕಂಪನಿಯ ದಾಖಲೆ ವಿಭಾಗ ಅದು. ಪ್ರತಿ ಲಿಫ್ಟಿಗೂ ತಿಂಗಳಿಗೊಂದು ತಪಾಸಣೆ, ತಪಾಸಣೆಗೊಂದು ವರದಿ. ವರದಿಯಲ್ಲಿ ಒಂದು ಜಾಗ ಖಾಲಿ ಬಿಟ್ಟರೂ ಸಾಫ್ಟ್‌ವೇರು 'ಮಾಹಿತಿ ಇಲ್ಲ' ಎಂದು ಕೆಂಪಗಾಗಿ ಕೂತುಬಿಡುತ್ತಿತ್ತು. 'ಷರಾ' ಎಂಬಲ್ಲಿ ಬರೆಯಲು ಏನೂ ಇಲ್ಲದಾಗ ಗುಮಾಸ್ತೆ ಒಂದು ಚುಕ್ಕಿ ಇಟ್ಟು ಅದರ ಬಾಯಿ ಮುಚ್ಚಿಸುತ್ತಿದ್ದಳು. ಅವಳಿಗೆ ಚುಕ್ಕಿಯೆಂಬ ಹೆಸರು ಬಿದ್ದದ್ದೇ ಹಾಗೆ. ಆದರೆ ತಪಾಸಣೆಗೆ ಹೋದವರ ನಂಬರಿನ ಜಾಗದಲ್ಲಿ ಚುಕ್ಕಿಯ ಆಟ ನಡೆಯುತ್ತಿರಲಿಲ್ಲ.

ಅದಕ್ಕೆ ದಾರಿ ಹುಡುಕಿದವಳು ಅಕ್ಕ. ಅದೇ ಕಂಪನಿಯಲ್ಲಿ ತಪಾಸಣೆ ಮಾಡುತ್ತಿದ್ದ ಅವಳ ಅಣ್ಣ ಎದೆನೋವೆಂದು ಮಲಗಿದವನು ಏಳಲಿಲ್ಲ. ಅದಾಗಿ ತಿಂಗಳೊಳಗೆ ನಂಬರಿಲ್ಲದ ವರದಿಯೊಂದು ಬಂತು. ಯಾರು ಹೋಗಿದ್ದರೆಂದು ವಿಚಾರಿಸುವಷ್ಟು ತಾಳ್ಮೆ ಅವಳಿಗೆಲ್ಲಿ? ಇದೊಂದು ಸಲ ಎಂದುಕೊಂಡು ಅಣ್ಣನ ನಂಬರು ನಲವತ್ತೇಳನ್ನು ಒತ್ತಿದಳು. ಸಾಫ್ಟ್‌ವೇರು ತೆಪ್ಪಗೆ ನುಂಗಿಕೊಂಡಿತು. ಆಮೇಲೆ ನಂಬರಿಲ್ಲದ್ದಕ್ಕೆಲ್ಲ ನಲವತ್ತೇಳೇ. ಈ ಮೂರು ವರ್ಷದಲ್ಲಿ ಅಣ್ಣ ಬದುಕಿದ್ದಾಗ ಮಾಡಿದ್ದಕ್ಕಿಂತ ಹೆಚ್ಚು ತಪಾಸಣೆ ಮಾಡಿದ್ದ.

ಸಾಹೇಬರು ಬಾಗಿಲಲ್ಲಿ ತಲೆ ಹಾಕಿದರು. "ಮಧ್ಯಾಹ್ನದೊಳಗೆ ಸರಿಹೋಗ್ಬೇಕಮ್ಮ. ಇರೋರದ್ದು ಯಾರದ್ದಾದ್ರೂ ಒಂದು ನಂಬರ್ ಹಾಕಿ ಮುಗಿಸಿ."

"ಹೋಗದೇ ಇರೋರ ನಂಬರ್ ಹೇಗೆ ಹಾಕ್ಲಿ ಸಾರ್?"

"ಇಷ್ಟು ದಿನ ಹೋದವರದ್ದೇ ಹಾಕ್ತಿದ್ರಲ್ಲ."

ಚುಕ್ಕಿ ಕಿಸಕ್ಕನೆ ನಕ್ಕು ನಾಲಿಗೆ ಕಚ್ಚಿಕೊಂಡಳು. ಅಕ್ಕನ ಕಿವಿ ಕೆಂಪಾಯಿತು. ಯಾರದೋ ನಂಬರು ತೆಗೆದು ಎಲ್ಲ ಸಾಲುಗಳಿಗೂ ತುಂಬಿದಳು. ಇನ್ನೂರ ಹನ್ನೊಂದು ಸಾಲು ಹಸಿರಾದವು. ಒಂದು ಆಗಲಿಲ್ಲ. ಮತ್ತೆ ತುಂಬಿದಳು, ಸೇವ್ ಮಾಡುತ್ತಿದ್ದಂತೆ ಖಾಲಿಯಾಯಿತು. ಬೇರೆ ನಂಬರು ಹಾಕಿದಳು; ಅದೂ ನಿಲ್ಲಲಿಲ್ಲ.

ಬೈಯುತ್ತಲೇ ಆ ವರದಿಯನ್ನು ತೆರೆದಳು. ಒಂಬತ್ತು ಮಹಡಿಯ ಮಕ್ಕಳ ಆಸ್ಪತ್ರೆ. ಷರಾದಲ್ಲಿ ಚುಕ್ಕಿ ಇರಲಿಲ್ಲ. 'ಕೈಯಲ್ಲಿ ಮುಟ್ಟಿ ನೋಡು' ಎಂದಿತ್ತು.

ಅಣ್ಣನ ಮಾತು. ಹೊಸಬರನ್ನೆಲ್ಲ ಅವನು ಗದರುತ್ತಿದ್ದದ್ದೇ ಹಾಗೆ. ಹಳೆಯ ನೀಲಿ ಅಂಗಿಯ ತುಂಡೊಂದು ಸದಾ ಅವನ ಜೇಬಿನಲ್ಲಿರುತ್ತಿತ್ತು. ಅದನ್ನು ಲಿಫ್ಟಿನ ಉಕ್ಕಿನ ಹಗ್ಗಕ್ಕೆ ಸುತ್ತಿ ಎಳೆಯುತ್ತಿದ್ದ. ಒಂದು ಎಳೆ ತುಂಡಾಗಿದ್ದರೂ ಬಟ್ಟೆ ಸಿಕ್ಕಿಕೊಳ್ಳುತ್ತಿತ್ತು. ಅವನನ್ನು ಮಣ್ಣು ಮಾಡುವಾಗ ಅತ್ತಿಗೆ ಆ ತುಂಡನ್ನು ಅವನ ಜೇಬಿಗೇ ಇಟ್ಟಿದ್ದಳು.

"ಏನೇ ಇದು, ತಮಾಷೆನಾ?" ಅಕ್ಕ ಕಿರುಚಿದಳು.

ಚುಕ್ಕಿ ಎದ್ದು ಬಂದು ನೋಡಿದಳು. ಮುಖದ ನಗು ಇಳಿಯಿತು. "ನನ್ನಾಣೆ ಅಕ್ಕಾ. ನಾನು ಚುಕ್ಕಿ ಇಟ್ಟೆ, ಅಷ್ಟೆ."

ಆ ಆಸ್ಪತ್ರೆಯ ಹಳೆಯ ವರದಿಗಳನ್ನು ಒಂದೊಂದಾಗಿ ತೆಗೆದರು. ಮೂವತ್ತಾರು ತಿಂಗಳು, ಮೂವತ್ತಾರು ನಲವತ್ತೇಳು, ಮೂವತ್ತಾರು ಚುಕ್ಕಿ. ಈ ತಿಂಗಳದ್ದೊಂದೇ ಹೀಗೆ.

ಅಕ್ಕ ಚೀಲ ಹೆಗಲಿಗೇರಿಸಿದಳು.

ಆಸ್ಪತ್ರೆಯ ಲಿಫ್ಟಿನ ಮುಂದೆ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಸಾಲುಗಟ್ಟಿದ್ದರು. ಕಾವಲುಗಾರ ಬೀಗದ ಕೈ ಹುಡುಕಲು ಕಾಲು ಗಂಟೆ ತೆಗೆದುಕೊಂಡ.

"ಮೇಲಿನ ಮಿಷಿನ್ ಕೋಣೆ ತೆಗೆದು ಮೂರು ವರ್ಷ ಆಯ್ತು ತಾಯಿ. ನಿಮ್ಮೋರು ಇಲ್ಲೇ ನಿಂತು ಕಾಗದ ಬರ್ಕೊಂಡು ಹೋಗಿಬಿಡ್ತಾರೆ."

"ನಂಬರ್ ಹಾಕಲ್ವಾ?"

"ಹಾಕಿದ್ರೆ ಸಿಕ್ಕಿಬೀಳ್ತಾರಲ್ಲ," ಎಂದು ಅವನು ನಕ್ಕ.

ಅವಳು ನಗಲಿಲ್ಲ. "ಲಿಫ್ಟಲ್ಲಿರೋರನ್ನ ಇಳಿಸಿ. ಇನ್ಯಾರನ್ನೂ ಹತ್ತಿಸ್ಬೇಡಿ."

ಮೆಟ್ಟಿಲು ಹತ್ತುವಷ್ಟರಲ್ಲಿ ಉಸಿರು ಕಿತ್ತುಬಂತು. ಬೀಗ ತುಕ್ಕು ಹಿಡಿದಿತ್ತು. ಒಳಗೆ ಬೆರಳು ಹೂತುಹೋಗುವಷ್ಟು ಧೂಳು, ಗಾಜಿನಿಂದ ಬಿದ್ದ ಬಿಸಿಲು. ಇಳಿದಾಯ್ತು ಎಂದು ಕಾವಲುಗಾರ ಕೆಳಗಿನಿಂದ ಕೂಗಿದ ಮೇಲೆ ಸ್ವಿಚ್ಚನ್ನು ಕೆಳಗೆಳೆದಳು. ಯಂತ್ರ ಗೊಣಗಿ ನಿಂತಿತು. ಕರವಸ್ತ್ರವನ್ನು ಮೊದಲ ಹಗ್ಗಕ್ಕೆ ಸುತ್ತಿ ಎಳೆದಳು. ಜಾರಿತು. ಎರಡನೆಯದೂ ಜಾರಿತು. ಮೂರನೆಯದರಲ್ಲಿ ಒಂದು ಗೇಣು ಜಾರಿ ಗಕ್ಕನೆ ನಿಂತಿತು. ಬಗ್ಗಿ ನೋಡಿದಳು. ತುಂಡಾದ ಉಕ್ಕಿನ ಎಳೆಗಳು ಮುಳ್ಳಿನ ಹಾಗೆ ಸುತ್ತಲೂ ಎದ್ದಿದ್ದವು.

ಫೋನು ಹೊಡೆದುಕೊಂಡಿತು. ಚುಕ್ಕಿ. "ಸಾಹೇಬ್ರು ಕುಣೀತಿದ್ದಾರೆ ಅಕ್ಕಾ. ಯಾರ ನಂಬರ್ ಹಾಕ್ಲಿ?"

"ನಂದು ಹಾಕು. ಹಗ್ಗ ಹೋಗಿದೆ, ಲಿಫ್ಟ್ ನಿಲ್ಸಿದೀನಿ ಅಂತ ಬರಿ. ಹಸಿರಾದ ಇನ್ನೂರ ಹನ್ನೊಂದನ್ನೂ ಮತ್ತೆ ಕೆಂಪು ಮಾಡು."

"ಅಯ್ಯೋ, ಕೆಲ್ಸ ಹೋಗುತ್ತೆ ಅಕ್ಕಾ!"

"ಹೋಗ್ಲಿ ಕಣೇ. ಮಾಡು."

ಕೀಲಿಮಣೆಯ ಟಕಟಕ ಕೇಳಿಸಿತು. "ತಗೊಂಡ್ತು ಅಕ್ಕಾ," ಎಂದಳು ಚುಕ್ಕಿ, ಸಣ್ಣ ದನಿಯಲ್ಲಿ. "ಒಂದೇ ಸಲಕ್ಕೆ ತಗೊಂಡ್ತು."

ಕರವಸ್ತ್ರ ಬಿಡಿಸಿಕೊಳ್ಳಲು ಕೈ ಹಾಕಿದವಳು ಹಾಗೆಯೇ ನಿಂತಳು. ಅದಕ್ಕಿಂತ ನಾಲ್ಕು ಬೆರಳು ಮೇಲೆ, ಇನ್ನೊಂದು ಉಕ್ಕಿನ ಮುಳ್ಳಿಗೆ ನೀಲಿ ನೂಲಿನ ಎಳೆಯೊಂದು ಸಿಕ್ಕಿಕೊಂಡಿತ್ತು. ಅದರ ಮೇಲೆ ಧೂಳಿರಲಿಲ್ಲ. ಅಕ್ಕ ಮೆಲ್ಲಗೆ ತಿರುಗಿ ನೆಲ ನೋಡಿದಳು. ಬಾಗಿಲಿನಿಂದ ಸ್ವಿಚ್ಚಿನವರೆಗೆ, ಅಲ್ಲಿಂದ ಹಗ್ಗದವರೆಗೆ ಧೂಳಿನಲ್ಲಿ ಒಂದೇ ಸಾಲು ಹೆಜ್ಜೆ ಇತ್ತು, ಅವಳದೇ.