ಗಂಧ ತಾಗಿದ ಪೊಟ್ಟಣಗಳು

"ಇದೇನು, ರಕ್ತವೇ?" ಎಂದು ರಾಸ್ ಪೊಟ್ಟಣದ ಮೇಲಿನ ಕೆಂಪು ಕಲೆ ತೋರಿಸಿ ಕೇಳಿದ.

ಜಯೇಶನಿಗೆ ಉತ್ತರ ಕೊಡಲು ನಾಚಿಕೆಯಾಯಿತು. ಸಿಡ್ನಿಯ ಪೆಥಾಲಜಿ ಲ್ಯಾಬೊಂದರಲ್ಲಿ ಹದಿನೆಂಟು ವರ್ಷದಿಂದ ರಕ್ತದ ಸ್ಯಾಂಪಲ್‌ಗಳ ನಡುವೆಯೇ ಬದುಕಿದವನು ಅವನು. "ರಕ್ತ ಅಲ್ಲ, ಕುಂಕುಮ. ಅದರ ಕೆಳಗಿರುವುದು ಗಂಧ. ನಮ್ಮಲ್ಲಿ ಪೂಜೆಗೆ ಹಚ್ಚುತ್ತಾರೆ," ಎಂದ. "ನನ್ನ ತಾಯಿ ಹಚ್ಚಿದ್ದು." ತಪ್ಪು ತನ್ನದಲ್ಲ ಎಂದು ತಿಳಿಯಲಿ ಅಂತಲೇ ಈ ಕೊನೆಯ ಮಾತು ಸೇರಿಸಿದ.

ರಾಸ್ ಹಳೆಯ ಕಾರ್ಡುಗಳ ವ್ಯಾಪಾರಿ. ಮೆಲ್ಬರ್ನಿನ ಉತ್ತರಕ್ಕೆ ಅವನ ಪುಟ್ಟ ಅಂಗಡಿ. ಎಪ್ಪತ್ತು ದಾಟಿದ ಮನುಷ್ಯ. ಇಂಥ ಸರಕಿನಲ್ಲಿ ಅವನು ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ ಎಂದು ಸಿಡ್ನಿಯವರೂ ಒಪ್ಪುತ್ತಿದ್ದರು. ಕಲೆ ಹೋಗುತ್ತದೆಯೇ ಎಂದು ಕೇಳಲು ಜಯೇಶ ಸಿಡ್ನಿಯಿಂದ ತಂದ ಡಬ್ಬ ಮೇಜಿನ ಮೇಲೆ ತೆರೆದಿತ್ತು. ಫುಟಿ ಎಂಬ ಆಸ್ಟ್ರೇಲಿಯನ್ ಫುಟ್‌ಬಾಲಿನ ಎಪ್ಪತ್ತರ ದಶಕದ ಕಾರ್ಡುಗಳ ಮೂವತ್ತಾರು ಪೊಟ್ಟಣ, ಒಂದನ್ನೂ ಯಾರೂ ಒಡೆದಿಲ್ಲ. ಆಗಿನ ಕಾಲಕ್ಕೆ ಮಕ್ಕಳು ಚಿಲ್ಲರೆ ಕಾಸು ಕೊಟ್ಟು ಕೊಂಡು, ಒಳಗಿನ ಚೂಯಿಂಗ್ ಗಮ್ ಅಗಿದು, ಆಟಗಾರರ ಚಿತ್ರ ಜೇಬಿಗಿಳಿಸುತ್ತಿದ್ದ ಸಾಮಾನು. ಇಂದು ಒಡೆಯದೆ ಉಳಿದದ್ದಕ್ಕೇ ಬೆಲೆ. ಒಳಗೆ ದೊಡ್ಡ ಆಟಗಾರನೊಬ್ಬನ ಮೊದಲ ಕಾರ್ಡು ಇರಬಹುದು ಎಂಬ ಆಸೆಗೆ ಜನ ದುಡ್ಡು ಸುರಿಯುತ್ತಾರೆ, ಆದರೆ ಒಡೆದು ನೋಡುವವರು ಯಾರೂ ಇಲ್ಲ. ಜಯೇಶನಿಗೆ ಫುಟಿಯ ನಿಯಮಗಳೇ ಇನ್ನೂ ಪೂರ್ತಿ ಗೊತ್ತಿಲ್ಲ, ಆ ಮಾತು ಬೇರೆ.

ಅಮ್ಮ ತುಂಗಮ್ಮ ಊರಿನಿಂದ ಸಿಡ್ನಿಯ ರೌಸ್ ಹಿಲ್ಲಿನ ಮನೆಗೆ ಬಂದ ಹೊಸದರಲ್ಲಿ ಅವನು ಗಾಜಿನ ಕಪಾಟಿನ ಮುಂದೆ ನಿಲ್ಲಿಸಿ ಇದನ್ನೆಲ್ಲ ವಿವರಿಸಿದ್ದ.

"ಒಳಗೆ ಎಂತ ಉಂಟು ಅಂತ ನೀನು ನೋಡಿದ್ದೀಯಾ?" ಎಂದು ತುಂಗಮ್ಮ ಕೇಳಿದ್ದರು.

"ನೋಡುವ ಹಾಗಿಲ್ಲ ಅಮ್ಮ. ಒಡೆದ್ರೆ ಬೆಲೆ ಹೋಯ್ತು."

"ನೋಡದೆ ಹೇಗೆ ಗೊತ್ತು ಮತ್ತೆ?"

"ನಂಬಿಕೆಯ ಜನರಿಂದ ತಕೊಂಡದ್ದು. ಮುಂದೆ ಮನೆಯ ಲೋನ್ ತೀರಿಸ್ಲಿಕ್ಕೆ ಇದೇ ಸಾಕು."

ನಂಬಿಕೆಯ ಜನ ಎಂದರೆ ಮೂರ್ತಿ. ಮೈಸೂರಿನವರು, ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ ಮನೆ, ಅಲ್ಲಿಯ ಕನ್ನಡ ಸಂಘದ ಊಟದಲ್ಲಿ ಪರಿಚಯ. ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಹೋಳಿಗೆ ತಿಂದವರು. ಡಬ್ಬವನ್ನು ಕೊಳ್ಳುವ ಮೊದಲು ಪರೀಕ್ಷೆಗೆ ಕಳಿಸುವುದು ಆ ವ್ಯಾಪಾರದ ವಾಡಿಕೆ. ನಮ್ಮವರ ಮೇಲೆ ಅನುಮಾನ ಪಡುವುದೇ ಎಂದು ಜಯೇಶ ಕಳಿಸಲಿಲ್ಲ. ಲ್ಯಾಬಿನಲ್ಲಿ ಹೆಸರು, ಹುಟ್ಟಿದ ದಿನ ಎರಡೂ ತಾಳೆಯಾಗದಿದ್ದರೆ ಟ್ಯೂಬ್ ಮುಟ್ಟದ ಮಹಾಶಯ ಇವನು.

ಮೂರು ವಾರದ ಹಿಂದೆ ಆಯುಧ ಪೂಜೆ ಬಂತು. ತುಂಗಮ್ಮ ಗಂಡನನ್ನು ಕಳೆದುಕೊಂಡು ಆರು ವರ್ಷವಾಗಿತ್ತು. ಅಂದಿನಿಂದ ಅವರು ಯಾವ ವಸ್ತುವಿಗೂ, ಯಾರ ಹಣೆಗೂ ಕುಂಕುಮ ಇಟ್ಟವರಲ್ಲ. ಊರಲ್ಲಿ ಆರತಿಯ ಹೊತ್ತಿಗೆ ತಾವಾಗಿಯೇ ಹಿಂದೆ ಸರಿದು ಬಾಗಿಲ ಹತ್ತಿರ ನಿಲ್ಲುವುದು ರೂಢಿಯಾಗಿತ್ತು. ಆ ದಿನ ಸೊಸೆ ವಿಜೇತಾ ಗಂಧದ ಬಟ್ಟಲನ್ನು ಅವರ ಕೈಗೇ ಕೊಟ್ಟು, "ಅತ್ತೆ, ಈ ಸಲ ನೀವೇ ಮಾಡಿ. ನೀವು ಮುಟ್ಟಬಾರದು ಅಂತೆಲ್ಲ ನನಗೆ ಇಲ್ಲ," ಎಂದಳು. ತುಂಗಮ್ಮ ಬೇಡವೆಂದರು, ಮತ್ತೆ ಬೇಡವೆಂದರು, ಕೊನೆಗೆ ಸ್ನಾನ ಮಾಡಿ ಬಂದು ಬಟ್ಟಲು ಹಿಡಿದರು. ಅವರಿಗಾದ ಸಂತೋಷವನ್ನು ವಿಜೇತಾ ಕಂಡಳು. ಕಾರು, ಮಿಕ್ಸಿ, ಲ್ಯಾಪ್‌ಟಾಪ್, ಹುಲ್ಲು ಕತ್ತರಿಸುವ ಯಂತ್ರ ಎಲ್ಲಕ್ಕೂ ಬೊಟ್ಟಾಯಿತು. ಮಗ ಬೆಳಿಗ್ಗೆ ಎದ್ದು ಮೊದಲು ನೋಡುವ ವಸ್ತುವೊಂದು ಉಳಿಯಿತಲ್ಲ ಎಂದು ಆಮೇಲೆ ಗಾಜಿನ ಕಪಾಟಿನತ್ತ ನಡೆದರು. ಬೀಗದ ಕೈ ಅದರಲ್ಲೇ ಇತ್ತು. ಮೂವತ್ತಾರನ್ನೂ ಒಂದೊಂದಾಗಿ ಹೊರಗಿಟ್ಟು, ಹಿಂಬದಿಯಲ್ಲಿ ಮಡಿಕೆಗಳು ಸೇರುವ ನಟ್ಟನಡುವೆ ನೀರುಗಂಧ, ಅದರ ಮೇಲೆ ಕುಂಕುಮ. ಒಂದೂ ಓರೆಯಾಗಿರಲಿಲ್ಲ.

ಜಯೇಶ ಅದನ್ನು ಕಂಡದ್ದು ಮಧ್ಯಾಹ್ನ, ಊಟಕ್ಕೆ ಬಂದಿದ್ದ ಎರಡು ಸಂಸಾರಗಳ ಎದುರಿಗೆ. "ಯಾರು ಮುಟ್ಲಿಕ್ಕೆ ಹೇಳಿದ್ದು ನಿನಗೆ?" ಎಂದ. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. "ನಿನ್ನ ಕೈ ತಾಗಿದ್ದೆಲ್ಲ ಹಾಳು," ಎಂದೂ ಅಂದ.

ಅವನು ಹೇಳಿದ್ದು ಪೊಟ್ಟಣಗಳ ವಿಷಯ. ತುಂಗಮ್ಮನಿಗೆ ಅದು ತಾಗಿದ್ದು ಬೇರೆಡೆ. ಅವರು ಬಟ್ಟಲನ್ನು ಸಿಂಕಿನಲ್ಲಿ ತೊಳೆದಿಟ್ಟು, ಅತಿಥಿಗಳಿಗೆ ಪಾಯಸ ಬಡಿಸಿದರು. ಎರಡು ದಿನ ಕಳೆದು ಮೆಲ್ಬರ್ನಿನ ಕ್ರೇಗಿಬರ್ನಿನಲ್ಲಿರುವ ಮಗಳು ಭವ್ಯಶ್ರೀಗೆ ಫೋನ್ ಮಾಡಿ, "ನಿನ್ನ ಮನೆಗೆ ಬಂದು ಅಲ್ಲಿಂದಲೇ ಊರಿಗೆ ಹೋಗ್ತೇನೆ," ಎಂದರು. ಅದೇ ವಾರ ಅಲ್ಲಿಗೆ ಹೋಗಿಯೂ ಬಿಟ್ಟರು; ಊರಿನ ವಿಮಾನ ಬರುವ ಮಂಗಳವಾರ. ಜಯೇಶ ಅಂದಿನಿಂದ ಅಮ್ಮನ ಹತ್ತಿರ ಮಾತಾಡಿರಲಿಲ್ಲ. ಅವನೆಂದರೆ ಹಾಗೆಯೇ, ಸಿಟ್ಟು ಇಳಿದ ಮೇಲೂ ಬಿಗಿದ ಮುಖ ಸಡಿಲಿಸಲಾರ.

ರಾಸ್ ಒಂದು ಪೊಟ್ಟಣವನ್ನು ದೀಪದ ಕೆಳಗೆ ಹಿಡಿದ. "ಒರೆಸಿ ನೋಡಿದ್ದೀರಾ?"

"ಹತ್ತಿಯಿಂದ ಒರೆಸಿದೆ. ಹೋಗಲಿಲ್ಲ."

"ಹೋಗಬೇಕಿತ್ತು." ರಾಸ್ ಡ್ರಾಯರಿನಿಂದ ಇನ್ನೊಂದು ಪೊಟ್ಟಣದ ಹರಿದ ಹೊದಿಕೆ ತೆಗೆದ. ಅದೇ ವರ್ಷದ್ದು, ಅದೇ ಬಣ್ಣ. ತಾನು ಕುಡಿಯುತ್ತಿದ್ದ ಲೋಟಕ್ಕೆ ಬೆರಳು ಅದ್ದಿ ಅದರ ಮೇಲೊಂದು ಹನಿ ಬಿಟ್ಟ. ಹನಿ ಉರುಳಿ ಮೇಜಿಗೆ ಬಿತ್ತು, ಕಾಗದ ಒದ್ದೆಯಾಗಲೇ ಇಲ್ಲ. "ಇದು ಮೇಣದ ಕಾಗದ. ಹಿಂಬದಿಯನ್ನು ಬಿಸಿ ಮಾಡಿ ಮೇಣದಿಂದಲೇ ಮುಚ್ಚುತ್ತಿದ್ದರು. ನಿಮ್ಮ ತಾಯಿ ಹಚ್ಚಿದ್ದು ಮೇಲೆಯೇ ಕೂತು ಒಣಗಬೇಕಿತ್ತು. ಇಲ್ಲಿ ನೋಡಿ, ಮಡಿಕೆಯ ಉದ್ದಕ್ಕೂ ಒಳಗೆ ಹೋಗಿದೆ. ಯಾರೋ ಬಿಚ್ಚಿ, ಒಳ್ಳೆಯ ಕಾರ್ಡು ತೆಗೆದುಕೊಂಡು, ಅಂಟು ಹಾಕಿ ಮುಚ್ಚಿದ್ದಾರೆ. ಅಂಟು ನೀರು ಕುಡಿದಿದೆ."

"ಎಲ್ಲವೂ?"

ರಾಸ್ ಅವಸರ ಮಾಡಲಿಲ್ಲ. ಮೂವತ್ತಾರನ್ನೂ ತಿರುಗಿಸಿ ನೋಡಿದ. ಆಮೇಲೆ ಜಯೇಶನ ಒಪ್ಪಿಗೆ ಕೇಳಿ ಒಂದನ್ನು ಬಿಡಿಸಿದ. ಮೂಲೆ ಸವೆದ ಆರು ಕಾರ್ಡು, ಯಾರಿಗೂ ಬೇಡವಾದ ಆಟಗಾರರು. ಗಮ್ಮಿನ ಜಾಗದಲ್ಲಿ ಅದೇ ಅಳತೆಗೆ ಕತ್ತರಿಸಿದ ರಟ್ಟು.

"ಎಲ್ಲವೂ," ಎಂದ. "ಕಲೆ ಇಲ್ಲದಿದ್ದರೆ ನಾನೂ ಮೋಸ ಹೋಗುತ್ತಿದ್ದೆನೇನೋ, ಕೆಲಸ ಅಷ್ಟು ಚೊಕ್ಕ. ನಿಮ್ಮ ತಾಯಿ ಉಪಕಾರ ಮಾಡಿದ್ದಾರೆ. ಅವರಿಗೆ ಹೇಳಿ."

ಹೊರಗೆ ಬಾಡಿಗೆ ಕಾರಿನಲ್ಲಿ ಕೂತು ಜಯೇಶ ಮೂರ್ತಿಗೆ ಫೋನ್ ಮಾಡಿದ. ಮೂರ್ತಿ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡರು.

"ಅಯ್ಯೋ ಪಾಪ. ನಾನೂ ಇನ್ನೊಬ್ಬರಿಂದ ತಗೊಂಡಿದ್ದು ಜಯೇಶ್, ಒಳಗೇನಿದೆ ಅಂತ ನಾನೇನು ನೋಡಿದ್ನಾ? ಐದು ವರ್ಷ ಆಯ್ತಲ್ಲ. ಅದರ ಮೇಲೆ ಕುಂಕುಮ ಬೇರೆ ಬಿದ್ದಿದೆ ಅಂತೀರಿ. ಹಾಗೇ ಇದ್ದಿದ್ರೆ ವಾಪಸ್ ಕೇಳ್ಬಹುದಿತ್ತೇನೋ. ಈಗ ಡ್ಯಾಮೇಜ್ ಆಗಿರೋದನ್ನ ಯಾರು ತಗೋತಾರೆ ಹೇಳಿ."

ಜಯೇಶನಿಗೆ ಬಾಯಿ ತುಂಬ ಬೈಯಬೇಕೆನಿಸಿತು. ಆದರೆ ಅವನ ಬಾಯಿಂದ ಬಂದದ್ದು, "ಸರಿ, ನೋಡುವ," ಎಂಬ ಎರಡೇ ಮಾತು. ಕಂಡವರ ಮುಂದೆ ಇಷ್ಟು ತಾಳ್ಮೆ ಇರುವ ಮನುಷ್ಯ ಅಂದು ಅಮ್ಮನ ಮುಂದೆ ಅದನ್ನು ಎಲ್ಲಿ ಬಚ್ಚಿಟ್ಟಿದ್ದನೋ.

ಕ್ರೇಗಿಬರ್ನಿನ ದಾರಿಯುದ್ದಕ್ಕೂ ಅವನು ಅಮ್ಮನಿಗೆ ಹೇಳಬೇಕಾದ್ದನ್ನು ಕೂಡಿಸಿಕೊಂಡ. ಹೇಳಲೇಬೇಕು, ಅದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಅಮ್ಮ, ಅದು ಮೊದಲೇ ಹಾಳಾಗಿತ್ತು, ನಿನ್ನ ಕೈಯಿಂದ ಏನೂ ಆಗಲಿಲ್ಲ. ಇಷ್ಟೇ. ಒಂದು ಸಿಗ್ನಲ್ ದಾಟುವುದರೊಳಗೆ ಹೇಳಿ ಮುಗಿಯುವ ಮಾತು.

ಭವ್ಯಶ್ರೀಯ ಮನೆಯ ಮುಂದೆ ಒಂದು ನೀಲಿ ಕಾರು ನಿಂತಿತ್ತು. ಅವಳ ಮಗಳು ಅನನ್ಯಾ ಯೂನಿವರ್ಸಿಟಿಗೆ ಓಡಾಡಲು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು, ಆ ದಿನ ಬೆಳಿಗ್ಗೆಯಷ್ಟೇ ಮನೆಗೆ ಬಂದಿತ್ತು. ಬಾನೆಟ್ಟಿನ ಮೇಲೆ ತಟ್ಟೆ, ತಟ್ಟೆಯಲ್ಲಿ ಗಂಧ, ಕುಂಕುಮ, ನಾಲ್ಕು ನಿಂಬೆಹಣ್ಣು. ತುಂಗಮ್ಮ ಹುಲ್ಲುಹಾಸಿನ ಆಚೆ ತುದಿಯಲ್ಲಿ, ಸೀರೆಯ ಮೇಲೆ ಮಗಳ ಉದ್ದ ಸ್ವೆಟರ್ ತೊಟ್ಟು ನಿಂತಿದ್ದರು.

"ಅಜ್ಜಿ, ಪ್ಲೀಸ್. ಯೂ ಡೂ ಇಟ್," ಎನ್ನುತ್ತಿದ್ದಳು ಅನನ್ಯಾ.

"ಬೇಡ ಪುಟ್ಟಾ. ಅಮ್ಮ ಮಾಡ್ತಾಳೆ."

"ಬಟ್ ವೈ?"

"ಹೊಸ ಗಾಡಿ. ನೀನು ದಿನಾ ಓಡಿಸುವುದು. ನನ್ನ ಕೈ ಬೇಡ."

ಭವ್ಯಶ್ರೀ ಅಣ್ಣನನ್ನು ನೋಡಿದಳು. ನೋಟದಲ್ಲಿ ಮರ್ಯಾದೆ ಇರಲಿಲ್ಲ. "ಬಂದೆಯಾ ಅಣ್ಣ? ಕಾಫಿ ಆಮೇಲೆ ಕೊಡ್ತೇನೆ. ಎಂತ ಹೇಳಿದ ನಿನ್ನ ಕಾರ್ಡಿನವ?"

ಡಬ್ಬ ಅವನ ಕಂಕುಳಲ್ಲೇ ಇತ್ತು. ಈ ಹುಲ್ಲಿನ ಮೇಲೆ ನಿಂತೇ ಅವನು ಹಿಂದೊಮ್ಮೆ ತಂಗಿಯ ಚಿನ್ನದ ಚೀಟಿಯನ್ನು ಹಳ್ಳಿಗರ ಉಳಿತಾಯ ಎಂದು ಹಾಸ್ಯ ಮಾಡಿದ್ದ, ಬುದ್ಧಿ ಇದ್ದವರು ಇಂಥದ್ದರಲ್ಲಿ ದುಡ್ಡು ಹಾಕುತ್ತಾರೆ ಎಂದು ಅರ್ಧ ಗಂಟೆ ಪಾಠ ಹೇಳಿದ್ದ. ಅವಳು ಅದನ್ನು ಮರೆಯುವವಳಲ್ಲ.

ತುಂಗಮ್ಮ ನಾಲ್ಕು ಹೆಜ್ಜೆ ಹತ್ತಿರ ಬಂದರು. ಡಬ್ಬದ ತೀರ ಹತ್ತಿರಕ್ಕೆ ಬರಲಿಲ್ಲ. "ಕಲೆ ಹೋಗ್ತದಂತಾ ಮಗಾ?"

ಅವನು ಬಾಯಿ ತೆರೆದ. ಮಾತು ಸಿದ್ಧವಾಗಿಯೇ ಇತ್ತು. ಅಮ್ಮನ ಹಿಂದೆ ತಂಗಿ, ತಂಗಿಯ ಪಕ್ಕ ಅನನ್ಯಾ, ಮೂವರೂ ಅವನನ್ನೇ ನೋಡುತ್ತಿದ್ದರು.

"ಇಲ್ಲ," ಎಂದ. "ಅರ್ಧ ಬೆಲೆಗೆ ಕೇಳ್ತಾನೆ. ನಾನು ಕೊಡ್ಲಿಲ್ಲ."

"ಅರ್ಧ," ಎಂದರು ತುಂಗಮ್ಮ. ಮನಸ್ಸಿನಲ್ಲೇ ಅದನ್ನು ತೂಗಿ ನೋಡಿದವರಂತೆ ತಲೆ ಆಡಿಸಿದರು. "ಪೂರ್ತಿ ಹೋಗ್ಲಿಲ್ಲ ಅಲ್ಲ, ಅಷ್ಟೇ ಸಾಕು. ನಾನು ದಿನಾ ದೇವರಿಗೆ ಹೇಳ್ತಾ ಇದ್ದೆ, ನನ್ನಿಂದ ಅವನಿಗೆ ಪೂರ್ತಿ ನಷ್ಟ ಆಗದಿರ್ಲಿ ಅಂತ."

ಈಗಲಾದರೂ ಹೇಳಬಹುದಿತ್ತು. ಜಯೇಶ ಡಬ್ಬವನ್ನು ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿಟ್ಟು ಬಾಗಿಲು ಹಾಕಿದ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಅವನು ಮತ್ತೆ ತೆರೆದದ್ದು ಬಾಯಲ್ಲ, ಫೋನು. ಸಿಡ್ನಿಯ ವಿಮಾನಕ್ಕೆ ಇನ್ನೂ ಮೂರು ಗಂಟೆ ಇತ್ತು.

ಭವ್ಯಶ್ರೀ ಬಾನೆಟ್ಟಿಗೆ ಗಂಧ ಇಟ್ಟಳು. ಅಭ್ಯಾಸವಿಲ್ಲದ ಕೈ, ಬೊಟ್ಟು ಓರೆಯಾಗಿ ಕೆಳಗೆ ಸೋರಿತು. "ಸ್ವಲ್ಪ ಬಲಕ್ಕೆ," ಎಂದು ತುಂಗಮ್ಮ ದೂರದಿಂದಲೇ ಹೇಳಿದರು. ಅನನ್ಯಾ ಒಳಗೆ ಕೂತು ಕಿಟಕಿ ಇಳಿಸಿ ಅಜ್ಜಿಯನ್ನು ಒಮ್ಮೆ ನೋಡಿದಳು, ಆಮೇಲೆ ಕಾರು ಸ್ಟಾರ್ಟ್ ಮಾಡಿದಳು. ಚಕ್ರಗಳ ಕೆಳಗಿಟ್ಟಿದ್ದ ನಿಂಬೆಹಣ್ಣುಗಳು ಒಡೆದವು. ಒಂದು ಮಾತ್ರ ಒಡೆಯದೆ ಪಕ್ಕಕ್ಕೆ ಜಾರಿ, ಉರುಳುತ್ತ ಬಂದು ತುಂಗಮ್ಮನ ಕಾಲಿಗೆ ತಾಗಿ ನಿಂತಿತು. ಅವರು ಅದನ್ನು ನೋಡಿದರು, ಬಗ್ಗಲಿಲ್ಲ. ಸ್ವೆಟರಿನ ಜೇಬಿನಿಂದ ಕೈ ತೆಗೆಯದೆ, ಯಾರಾದರೂ ಬಂದು ಎತ್ತಿಕೊಳ್ಳಲಿ ಎಂದು ಒಂದು ಹೆಜ್ಜೆ ಹಿಂದೆ ಸರಿದು ನಿಂತರು.