ಮೇಷ್ಟ್ರ ಹಳೇ ಬೈಕು

ಹೊಸನಗರದ ತನ್ನ ಗ್ಯಾರೇಜಿನ ಮುಂದೆ ಪಿಕಪ್ ಬಂದು ನಿಂತಾಗ ಅದರಲ್ಲಿದ್ದ ಬೈಕನ್ನು ಕೆರಿಯಪ್ಪ ಕೂತಲ್ಲಿಂದಲೇ ಗುರುತಿಸಿದ. ಸುಂದರೇಶ ಮೇಷ್ಟ್ರದು, ಅವರ ತಂದೆಯ ಕಾಲದ್ದು, ಎಪ್ಪತ್ತಾರರ ಮಾಡೆಲ್. ಎರಡು ತಿಂಗಳ ಹಿಂದೆ ಇಲ್ಲಿನ ಶಾಲೆಯಿಂದ ತೀರ್ಥಹಳ್ಳಿಯ ಮನೆಗೆ ಹೋಗುವಾಗ, ಏರಿನಲ್ಲಿ ಲಾರಿಯೊಂದನ್ನು ಹಿಂದೆ ಹಾಕಲು ಹೋಗಿ, ಎದುರು ಬಂದ ಬಸ್ಸನ್ನು ತಪ್ಪಿಸಲು ಪಕ್ಕಕ್ಕೆಳೆದು, ಚರಂಡಿಗೆ ಬಿದ್ದು ಮೇಷ್ಟ್ರು ತೀರಿಕೊಂಡಿದ್ದರು. ಬೈಕಿಗೆ ಹೆಚ್ಚೇನೂ ಆಗಿರಲಿಲ್ಲ.

ಅವರ ಹೆಂಡತಿ ಸ್ವಾತಿ ಪಿಕಪ್ಪಿನಿಂದ ಇಳಿದಳು.

"ಸ್ಟಾರ್ಟ್ ಆಗೋ ಹಾಗೆ ಮಾಡಿಕೊಡಿ ಕೆರಿಯಪ್ಪನವ್ರೆ. ಯಾರಿಗಾದ್ರೂ ಕೊಟ್ಟುಬಿಡ್ತೀನಿ. ಅತ್ತೆಗೆ ಇದನ್ನ ನೋಡಕ್ಕಾಗಲ್ಲ." ಸ್ವಲ್ಪ ತಡೆದು, "ನನ್ನನ್ನೂ," ಅಂದಳು.

ಆ ದಿನ ಬೇಗ ಬನ್ನಿ ಎಂದು ಫೋನ್ ಮಾಡಿದ್ದವಳು ಅವಳೇ. ಅದಕ್ಕೇ ಮಗ ಜೋರಾಗಿ ಓಡಿಸಿಕೊಂಡು ಬಂದ ಅನ್ನುವುದು ಅತ್ತೆ ಕಾಮಾಕ್ಷಮ್ಮನವರ ಮಾತು. ನೆಂಟರ ಮಾತೂ ಅದೇ.

ಕೆರಿಯಪ್ಪ ಬೈಕನ್ನು ಇಳಿಸಿಕೊಂಡ. ಸಾಯುವ ಒಂದು ವಾರ ಮೊದಲು ಮೇಷ್ಟ್ರು ಇಲ್ಲಿಗೇ ಬಂದು, "ಏರಿನಲ್ಲಿ ಮಿಸ್ ಹೊಡೀತದೆ ಮಾರಾಯ, ಎಳೆಯೋದೇ ಇಲ್ಲ," ಅಂದಿದ್ದರು. ಅವನು ಪ್ಲಗ್ ಉಜ್ಜಿ, ಕಾರ್ಬೊರೇಟರ್ ಊದಿ, ಬಸ್ ಸ್ಟ್ಯಾಂಡಿನವರೆಗೆ ಒಂದು ಸುತ್ತು ಹೊಡೆದು, "ಎಂಥದೂ ಇಲ್ಲ, ಹೋಗಿ," ಅಂದಿದ್ದ. ಅವತ್ತು ಮದುವೆಯೊಂದಕ್ಕೆ ಹೊರಡುವ ಆತುರ ಅವನಿಗೆ.

ಈಗ ಹ್ಯಾಂಡಲ್ ನೆಟ್ಟಗೆ ಮಾಡಿ ಕಿಕ್ ಹೊಡೆದ. ಎರಡನೇ ಕಿಕ್ಕಿಗೆ ಹಿಡಿಯಿತು. ಸ್ವಾತಿಯನ್ನು ಬೆಂಚಿನ ಮೇಲೆ ಕೂರಿಸಿ ಬೈಕನ್ನು ಸಾಗರ ರಸ್ತೆಗೆ ತಂದ. ನಾಲ್ಕು ಮೈಲಿ ಏನೂ ಆಗಲಿಲ್ಲ. ಇಂಜಿನ್ ಚೆನ್ನಾಗಿ ಕಾದ ಮೇಲೆ ಒಂದು ಏರಿನಲ್ಲಿ ಎಳೆತ ಕುಸಿಯಿತು. ಸೈಲೆನ್ಸರ್ ಫಟ್ ಫಟ್ ಎಂದು ಸಿಡಿಯಿತು. ಆಕ್ಸಿಲರೇಟರ್ ತಿರುವಿದಷ್ಟೂ ಮುಗ್ಗರಿಸಿತು. ಪಕ್ಕದಲ್ಲಿ ಲಾರಿ, ಎದುರಿಗೆ ಬಸ್ಸು ಇದ್ದಾಗ ಹೀಗಾದರೆ? ಅವನು ಬೈಕನ್ನು ಅಲ್ಲೇ ತಿರುಗಿಸಿದ.

ವಾಪಸು ಬಂದು ಹೊಸ ಪ್ಲಗ್ ಹಾಕಿದ. ಮಿಸ್ ನಿಲ್ಲಲಿಲ್ಲ. ಪೆಟ್ರೋಲು ಸರಿಯಾಗಿಯೇ ಇಳಿಯುತ್ತಿತ್ತು. ಇಂಜಿನ್ ಓಡುತ್ತಿರುವಂತೆಯೇ, ಪ್ಲಗ್ಗಿಗೆ ಕಿಡಿ ಕಳಿಸುವ ಪಾಯಿಂಟಿನ ಮುಚ್ಚಳ ಬಿಚ್ಚಿದಾಗ ಒಳಗೆ ಕಿಡಿ ಚಟಪಟ ಹಾರುತ್ತಿತ್ತು; ಪ್ಲಗ್ಗಿಗೆ ಹೋಗಬೇಕಾದ ಬೆಂಕಿ ಅಲ್ಲೇ ಪೋಲಾಗುತ್ತಿತ್ತು. ಬೆರಳ ತುದಿಯಷ್ಟಿರುವ ಕಂಡೆನ್ಸರ್ ಹಾಳಾಗಿತ್ತು. ತಣ್ಣಗಿದ್ದಾಗ ಸರಿ, ಕಾದರೆ ಕೈಕೊಡುತ್ತಿತ್ತು. ಬೇರೆಯದು ಹಾಕಿ ಅದೇ ಏರು ಹತ್ತಿದ. ಒಂದು ಮಿಸ್ಸೂ ಇಲ್ಲ.

ಹೇಳದೆ ಇರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಅಮ್ಮಾ, ಮೇಷ್ಟ್ರು ಜೋರಾಗಿ ಓಡಿಸಿದ್ದಲ್ಲ. ಲಾರಿ ಪಕ್ಕ ಹೋದಾಗ ಇಂಜಿನ್ ಎಳೀಲೇ ಇಲ್ಲ ಅಂತ ಕಾಣ್ತದೆ. ಅವ್ರು ಮೊದ್ಲೇ ನನ್ ಹತ್ರ ತಂದಿದ್ರು. ದೂರ ಓಡಿಸಿ ನೋಡಿದ್ರೆ ಈ ಕಂಡೆನ್ಸರ್ ಹಾಳಾಗಿದ್ದು ಅವತ್ತೇ ಗೊತ್ತಾಗ್ತಿತ್ತು. ನಾನು ನೋಡ್ಲಿಲ್ಲ."

ಸ್ವಾತಿ ಅವನ ಅಂಗೈಯಲ್ಲಿದ್ದ ಕಂಡೆನ್ಸರನ್ನು ಎತ್ತಿ ನೋಡಿದಳು. ಬೈಯುತ್ತಾಳೆ ಅಂದುಕೊಂಡ. ಬೈದಿದ್ದರೆ ಚೆನ್ನಾಗಿತ್ತು.

"ಇದನ್ನ ಬರ್ದು ಕೊಡ್ತೀರಾ?"

ಹಾಳೆ ತಂದು ಬರೆದ. ಕೊನೆಯಲ್ಲಿ ಪೆನ್ನು ತಡೆಯಿತು.

"ನೀವು ನೋಡ್ಲಿಲ್ಲ ಅನ್ನೋದೂ," ಅಂದಳು. "ಇಲ್ಲಾಂದ್ರೆ ಅತ್ತೆ ನಂಬಲ್ಲ."

ಅದನ್ನೂ ಬರೆದು ಸಹಿ ಹಾಕಿದ. ಅವಳು ಎರಡು ಸಲ ಓದಿ, ಹಾಳೆ ಮಡಚಿ, ಬೈಕನ್ನು ಅಲ್ಲೇ ಬಿಟ್ಟು ಹೊರಟಳು.

ಕಾಮಾಕ್ಷಮ್ಮ ಸೊಸೆಯನ್ನು ಮತ್ತೆ ಮಾತಾಡಿಸಿದರಂತೆ ಎಂದು ಹದಿನೈದು ದಿನದ ಮೇಲೆ ಯಾರೋ ಹೇಳಿದರು. ತನ್ನ ಬಗ್ಗೆ ಏನಂದರು ಎಂದು ಕೆರಿಯಪ್ಪ ಕೇಳಲಿಲ್ಲ.